ಆರು ಸಿಲಿಂಡರಿನ ಷಟ್ಪದಿ: ಹಳೆಯ ಲಾರಿಗಳ ಕುರಿತು ಒಂದು ಛಂದೋವಿಮರ್ಶೆ

ಕನ್ನಡ ಛಂದಸ್ಸಿನ ಮೇಲೆ ಹತ್ತನೆಯ ಶತಮಾನದ ನಾಗವರ್ಮನಿಂದ ಹಿಡಿದು ಇಂದಿನ ಪಿಎಚ್‌ಡಿ ಪ್ರಬಂಧಗಳವರೆಗೆ ಬೇಕಾದಷ್ಟು ಕೆಲಸ ನಡೆದಿದೆ. ಆದರೆ ನಮ್ಮ ವಿದ್ವಾಂಸರೆಲ್ಲ ಓಲೆಗರಿಗೆ ಕಣ್ಣು ಕೊಟ್ಟು ಕೂತರೇ ಹೊರತು, ರಾತ್ರಿ ಹನ್ನೊಂದಕ್ಕೆ ಊರಾಚೆಯ ಏರಿನಲ್ಲಿ ಎರಡನೇ ಗೇರಿಗೆ ಇಳಿದು ಗೋಳಾಡುತ್ತಿದ್ದ ಟಾಟಾ 1210ಕ್ಕೆ ಯಾರೂ ಕಿವಿ ಕೊಡಲಿಲ್ಲ. ಈ ಉಪೇಕ್ಷೆಯಿಂದ ನಾಡಿಗಾದ ನಷ್ಟವನ್ನು ತುಂಬಿಕೊಡುವ ಹೊಣೆ ನಮ್ಮ ಹೆಗಲೇರಿದೆ. ಯಾರೂ ಹೊರಿಸಿದ್ದಲ್ಲ, ನಾವೇ ಹೋಗಿ ಹೊತ್ತುಕೊಂಡದ್ದು.

ನಮ್ಮ ಪ್ರತಿಪಾದನೆ ಇಷ್ಟೇ: ಹಳೆಯ ಭಾರೀ ಲಾರಿಯ ಡೀಸೆಲ್ ಇಂಜಿನ್ ಷಟ್ಪದಿಯಲ್ಲಿ ಮಾತಾಡುತ್ತದೆ. ಸಿಲಿಂಡರು ಆರು, ಪಾದ ಆರು. ಇಲ್ಲಿಗೇ ಮುಗಿಸಬಹುದಿತ್ತು, ಪುಟ ತುಂಬದೆ ಪದವಿ ಸಿಗದಾದ್ದರಿಂದ ಮುಂದುವರಿಸುತ್ತೇವೆ. ಮೂರು ಸಿಲಿಂಡರಿನ ಮ್ಯಾಸ್ಸಿ ಫರ್ಗ್ಯುಸನ್ ಟ್ರ್ಯಾಕ್ಟರು ತ್ರಿಪದಿ ಹೇಳಿಕೊಂಡೇ ಉಳುತ್ತದೆ. ಜನಪದರ ಮಟ್ಟು ಹೊಲ ಬಿಟ್ಟು ಇನ್ನೆಲ್ಲಿಗೆ ಹೋದೀತು? ನಾಲ್ಕು ಸಿಲಿಂಡರಿನ ಟಾಟಾ 407ರದು ಚೌಪದಿ. ಹಾಲು, ತರಕಾರಿಯಂಥ ಲಘು ವಸ್ತುವಿಗೆ ಅದು ಸಾಕು. ಪರ್ಮಿಟ್ಟಿನಲ್ಲಿ ಬರೆದದ್ದಕ್ಕಿಂತ ಯಾವಾಗಲೂ ಒಂದಿಷ್ಟು ಹೆಚ್ಚೇ ಇರುವ ಕಥಾವಸ್ತುವನ್ನು ಹೊತ್ತು ಘಾಟಿ ಹತ್ತಬೇಕಾದರೆ ಮಾತ್ರ ಷಟ್ಪದಿಯೇ ಬೇಕು. ರಾಘವಾಂಕನೂ ಕುಮಾರವ್ಯಾಸನೂ ಇದನ್ನು ಸುಮ್ಮನೆ ಆರಿಸಿಕೊಳ್ಳಲಿಲ್ಲ.

ಪೂರ್ವಪಕ್ಷದವರು ಇಲ್ಲೊಂದು ತಕರಾರು ಎತ್ತುತ್ತಾರೆ. ಷಟ್ಪದಿಯಲ್ಲಿ ಮೂರನೆಯ ಮತ್ತು ಆರನೆಯ ಪಾದಗಳು ಉಳಿದವಕ್ಕಿಂತ ಉದ್ದ. ಟಾಟಾದ 697 ಇಂಜಿನ್ನಿನಲ್ಲಾದರೋ ಆರೂ ಸಿಲಿಂಡರಿನ ಅಗಲ 97 ಮಿಲಿಮೀಟರು, ಪಿಸ್ಟನ್ನಿನ ಓಟ 128 ಮಿಲಿಮೀಟರು, ಒಟ್ಟು 5,675 ಸಿಸಿ. ಒಂದರಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ. ಹಾಗಾದರೆ ಉದ್ದದ ಪಾದ ಎಲ್ಲಿ? ಉತ್ತರ ಕಿಡಿಯಿಲ್ಲದೆ ಉರಿಯುವ ಆ ಸಿಲಿಂಡರುಗಳ ಸರದಿಯಲ್ಲಿದೆ: 1-5-3-6-2-4. ಒಂದರ ಪಕ್ಕದ್ದನ್ನೇ ಮತ್ತೆ ಉರಿಸಿದರೆ ಕ್ರ್ಯಾಂಕಿನ ಒಂದೇ ತುದಿಗೆ ಪೆಟ್ಟು ಬೀಳುತ್ತದೆಂದು, ಮುಂದೊಂದು ಹಿಂದೊಂದು ಎಂಬಂತೆ 120 ಡಿಗ್ರಿಗೊಮ್ಮೆ ಹಂಚಿದ್ದಾರೆ. ಓದುಗರು ಸರದಿಯನ್ನು ಇನ್ನೊಮ್ಮೆ ನೋಡಬೇಕು. ಮೂರು ಮುಗಿದೊಡನೆ ಬರುವುದು ಆರು! ಷಟ್ಪದಿಯಲ್ಲಿ ಜೋಡಿಯಾದ ಪಾದಗಳು ಇಂಜಿನ್ನಿನಲ್ಲೂ ಅಕ್ಕಪಕ್ಕ ನಿಂತಿವೆ. ಇಷ್ಟಾದರೂ ಒಪ್ಪದ ವಿದ್ವಾಂಸರಿದ್ದಾರೆ. ಅವರಿಗೆ ಲೈಸೆನ್ಸೂ ಇಲ್ಲ ಎಂಬುದನ್ನು ಮಾತ್ರ ವಿನಯದಿಂದ ನೆನಪಿಸುತ್ತೇವೆ.

ಪ್ರಾಸದ ವಿಷಯದಲ್ಲಂತೂ ಚರ್ಚೆಯೇ ಬೇಡ. ಕನ್ನಡ ಕವಿಗೆ ಯತಿ ಮೀರಿದರೆ ಮಾಫಿ ಉಂಟು, ಆದಿಪ್ರಾಸ ತಪ್ಪಿದರೆ ಇಲ್ಲ. ಪ್ರತಿ ಪಾದದ ಎರಡನೆಯ ಅಕ್ಷರದ ವ್ಯಂಜನ ಒಂದೇ ಇರಬೇಕು. ‘ದಡ ದಡ ದಡ’ ಎನ್ನುವ ಇಂಜಿನ್ ಲಕ್ಷ ಕಿಲೋಮೀಟರು ಓಡಿದರೂ ಎರಡನೆಯ ಜಾಗದಲ್ಲಿ ಡಕಾರವನ್ನು ಕೈಬಿಡುವುದಿಲ್ಲ. ಹಳಗನ್ನಡದ ಪ್ರೌಢ ಕವಿಗಳಿಗೂ ಇಷ್ಟು ನಿಷ್ಠೆ ಸಾಧ್ಯವಾದದ್ದು ಅಪರೂಪ.

ಇನ್ನು ಕವಿಕಾಲವಿಚಾರ. ಆದಿಕವಿ ರುಡಾಲ್ಫ್ ಡೀಸೆಲ್, ಕಾಲ 1858ರಿಂದ 1913. ಲೋಕದ ಕವಿಗಳೆಲ್ಲ ಲಕ್ಷ್ಯ ಬರೆದ ಮೇಲೆ ಲಕ್ಷಣ ಹುಟ್ಟಿದರೆ, ಈತ 1893ರಲ್ಲೇ ಲಕ್ಷಣಗ್ರಂಥ ಅಚ್ಚು ಹಾಕಿಸಿ, ಅದಕ್ಕೊಪ್ಪುವ ಇಂಜಿನ್ನನ್ನು 1897ರಲ್ಲಿ ಔಗ್ಸ್‌ಬರ್ಗ್‌ನಲ್ಲಿ ಮಾಡಿ ತೋರಿಸಿದ. ಅದು ಒಂದೇ ಸಿಲಿಂಡರಿನ ಏಕಪದಿ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಈ ಬಗೆಯ ಇಂಜಿನ್ನೊಂದು ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಚಳ್ಳಕೆರೆಯ ಎಣ್ಣೆ ವರ್ತಕರು ಈ ಸಂಗತಿಯನ್ನು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲ. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟಿದ್ದ ಹಡಗಿನಿಂದ ಕವಿ ಕಾಣೆಯಾದ. ಆತ್ಮಹತ್ಯೆ, ಅಪಘಾತ, ಕೊಲೆ ಎಂದು ಮೂರು ಮತಗಳಿವೆ. ಅಂತ್ಯದ ಬಗ್ಗೆ ಮೂರು ಮತವಾದರೂ ಇಲ್ಲದವನನ್ನು ನಮ್ಮ ಸಾಹಿತ್ಯ ಚರಿತ್ರೆಯೂ ಮಹಾಕವಿ ಎನ್ನುವುದಿಲ್ಲ.

ನಮ್ಮ ನಾಡಿಗೆ ಈ ಕಾವ್ಯ ಎರಡು ಶಾಖೆಗಳಾಗಿ ಬಂತು. 1954ರಲ್ಲಿ ಟಾಟಾದವರ ಟೆಲ್ಕೊ ಕಂಪನಿ ಡೈಮ್ಲರ್-ಬೆಂಜ್ ಜೊತೆ ಹದಿನೈದು ವರ್ಷದ ಕರಾರು ಮಾಡಿಕೊಂಡು ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಿತು. 1969ರಲ್ಲಿ ಕರಾರು ಮುಗಿದು ಮೂತಿಯ ಮೇಲಿನ ನಕ್ಷತ್ರ ಇಳಿಯಿತು. ಆದರೂ ಹಳಬರ ಬಾಯಲ್ಲಿ ಅದು ‘ಬೆಂಜ್ ಲಾರಿ’ಯಾಗಿಯೇ ಉಳಿಯಿತು. ಇನ್ನೊಂದು ಮದರಾಸಿನ ಎಣ್ಣೂರಿನದು: 1948ರಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಅಶೋಕ್ ಮೋಟಾರ್ಸ್, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಟಾಟಾದವರು ಸಾಂಖ್ಯರು, 1210 ಎಂದರೆ ಹನ್ನೆರಡು ಟನ್ ಒಟ್ಟು ತೂಕ, ನೂರರ ಆಸುಪಾಸಿನ ಕುದುರೆ ಶಕ್ತಿ. ಲೇಲ್ಯಾಂಡಿನವರು ಪಂಚತಂತ್ರದ ಕಡೆಯವರು; ಹಿಪ್ಪೊ, ಬೀವರ್, ಟಸ್ಕರ್, ಚೀತಾ ಎಂದು ಪ್ರಾಣಿಗಳನ್ನೇ ರಸ್ತೆಗೆ ಬಿಟ್ಟರು. ಎರಡು ಪಂಥದ ಡ್ರೈವರುಗಳು ಒಂದೇ ಢಾಬಾದಲ್ಲಿ ಕೂತರೆ ಚಹಾ ಆರುವವರೆಗೂ ವಾದ ಆರುವುದಿಲ್ಲ. ಪಿಕಪ್ಪು ಟಾಟಾದ್ದೆಂದು ಒಬ್ಬ, ಎಳೆತ ಲೇಲ್ಯಾಂಡಿನದೆಂದು ಇನ್ನೊಬ್ಬ. ಸಂಶೋಧಕನಾದವನು ನಿಷ್ಪಕ್ಷಪಾತಿಯಾಗಿರಬೇಕು. ನಿಷ್ಪಕ್ಷಪಾತವಾಗಿ ನೋಡಿದರೆ ಲೇಲ್ಯಾಂಡೇ ಸರಿ.

ಇಂಜಿನ್ನಿಗೆ ಮಾತ್ರೆ ಅಳೆದು ಕೊಡುವ ಕೆಲಸ ಮಾತ್ರ ಬಹುಮಟ್ಟಿಗೆ ಬೆಂಗಳೂರಿನದು. 1951ರಲ್ಲಿ ಹುಟ್ಟಿದ ಮೈಕೊ ಕಂಪನಿಯ ಆಡುಗೋಡಿ ಕಾರ್ಖಾನೆಯಿಂದ ಹೊರಟ ಪಂಪು, ನಾಜಲ್‌ಗಳು ದೇಶದ ಲಾರಿಗಳನ್ನೆಲ್ಲ ಹೊಕ್ಕವು. ಪಂಪಿನೊಳಗೆ ಸಿಲಿಂಡರಿಗೊಂದರಂತೆ ಆರು ಪ್ಲಂಜರು. ಒಂದೊಂದೂ ತನ್ನ ಸರದಿಗೆ ಸರಿಯಾಗಿ ಹನಿಯಷ್ಟು ಡೀಸೆಲನ್ನು ಸಪೂರ ಪೈಪಿನಲ್ಲಿ ನೂಕಬೇಕು. ಸಿಲಿಂಡರಿನೊಳಗೆ ಗಾಳಿ ಹದಿನಾರು ಹದಿನೇಳು ಪಟ್ಟು ಅದುಮಿಸಿಕೊಂಡು ಕೆಂಡದಂತೆ ಕಾದಿರುತ್ತದೆ. ಆದರೂ ಒಳಬಂದ ಡೀಸೆಲ್ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಒಂದು ಕ್ಷಣ ತಡೆದು, ಅಷ್ಟರಲ್ಲಿ ಸೇರಿದ್ದೆಲ್ಲ ಒಟ್ಟಿಗೇ ಭುಗ್ಗೆನ್ನುತ್ತದೆ. ಹಳೆಯ ಡೀಸೆಲ್ಲಿನ ಆ ಗಡಸು ಪೆಟ್ಟು ಹುಟ್ಟುವುದೇ ಈ ತಡದಿಂದ. ಚಳಿಗಾಲದ ಬೆಳಗ್ಗೆ ತಡ ಹೆಚ್ಚು, ಪೆಟ್ಟೂ ಹೆಚ್ಚು.

ಇಂಥ ಕಾವ್ಯದ ಪಾಠಶೋಧನೆ ಹೇಗೆ? ಈ ಶಾಸ್ತ್ರವನ್ನು ನಾವು ವಿಶ್ವವಿದ್ಯಾಲಯದಲ್ಲಿ ಕಲಿಯಲಿಲ್ಲ, ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ಕಂಡೆವು. ಲಾರಿ ನಿಂತಲ್ಲೇ ಕುಂಟುತ್ತಿತ್ತು. ಐದು ಪೆಟ್ಟು ಬಿದ್ದು ಆರನೆಯದರ ಜಾಗ ಖಾಲಿ. ಮೇಸ್ತ್ರಿ ಬಾನೆಟ್ ಎತ್ತಿದವನೇ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ, ಕಣ್ಣು ಮುಚ್ಚಿ ನಿಂತ. ಆಮೇಲೆ ಸ್ಪ್ಯಾನರ್ ಹಿಡಿದು ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿಯುತ್ತ ಬಂದ. ಮೊದಲನೆಯದನ್ನು ಸಡಿಲಿಸಿದಾಗ ಡೀಸೆಲ್ ಚಿಮ್ಮಿ ಇಂಜಿನ್ ಇನ್ನಷ್ಟು ಕುಂಟಿತು. ಎರಡು, ಮೂರು, ಹಾಗೆಯೇ. ನಾಲ್ಕನೆಯ ನಟ್ಟು ಸಡಿಲಿಸಿದರೆ ಸದ್ದಿನಲ್ಲಿ ಏನೂ ವ್ಯತ್ಯಾಸವಿಲ್ಲ. ‘ಸಿಕ್ತು ನೋಡಿ ಸಾರ್, ನಾಲ್ಕನೇದು ಕೆಲಸಾನೇ ಮಾಡ್ತಿಲ್ಲ’ ಎಂದು ಎಣ್ಣೆಗೈಯನ್ನು ಬನಿಯನ್ನಿಗೆ ಒರೆಸಿಕೊಂಡ. ಒಂದು ಪಾದ ತೆಗೆದು ನೋಡು; ಪದ್ಯ ಕೆಡದಿದ್ದರೆ ಆ ಪಾದ ಮೊದಲೇ ಸತ್ತಿತ್ತೆಂದು ತಿಳಿ. ಗ್ರಂಥಸಂಪಾದನೆಯ ಇಷ್ಟು ಖಚಿತ ಸೂತ್ರ ನಮ್ಮ ಯಾವ ಪ್ರಾಧ್ಯಾಪಕರೂ ಕೊಟ್ಟಿರಲಿಲ್ಲ, ಅದೂ ಗುಟ್ಕಾ ಜಗಿಯುತ್ತಾ.

ಹಸ್ತಪ್ರತಿಗಳ ಸ್ಥಿತಿ ಶೋಚನೀಯ. ಹೆದ್ದಾರಿಯಿಂದ ನಿವೃತ್ತವಾದ ಪ್ರತಿಗಳು ನೀರಿನ ಟ್ಯಾಂಕರಾಗಿ, ಕಲ್ಲು ಕ್ವಾರಿಯಲ್ಲಿ, ಸಾಮಿಲ್ಲಿನ ಹಿತ್ತಲಲ್ಲಿ ದೊರೆಯುತ್ತವೆ. ಶುದ್ಧಪಾಠವೆಂಬುದು ಇಲ್ಲವೇ ಇಲ್ಲ. ಚಾಸಿ ಒಂದು ಕಾಲದ್ದು, ಇಂಜಿನ್ ಇನ್ನೊಂದು ಕಾಲದ್ದು, ಬಾಗಿಲು ಗುಜರಿಯ ಕೃಪೆ, ಎಲ್ಲವೂ ಪ್ರಕ್ಷಿಪ್ತ. ಆಧಾರಕ್ಕೆ ಉಳಿದಿರುವುದು ಚಾಸಿಯ ಮೇಲೆ ಕೊರೆದ ನಂಬರೊಂದೇ. ಆರ್‌ಟಿಓ ಕಚೇರಿಯ ಮುಂದೆ ಏಜೆಂಟ್ ಹುಡುಗನೊಬ್ಬ ಲಾರಿಯಡಿ ಅಂಗಾತ ಮಲಗಿ, ಗ್ರೀಸು ಕೆರೆದು, ಕಾಗದ ಒತ್ತಿ, ಮೇಲೆ ಪೆನ್ಸಿಲ್ ಉಜ್ಜಿ ಅಕ್ಷರ ಎಬ್ಬಿಸುತ್ತಾನೆ. ಬಿ. ಎಲ್. ರೈಸ್ ಮೈಸೂರು ಸೀಮೆಯ ಶಾಸನ ಸಂಗ್ರಹಿಸಿದ್ದಕ್ಕೂ ಈತನ ಕೆಲಸಕ್ಕೂ ವಿಧಾನದಲ್ಲಿ ಹೆಚ್ಚು ಅಂತರವಿಲ್ಲ; ಶುಲ್ಕದಲ್ಲಿ ಇದೆ.

ಈಚಿನ ಬಿಎಸ್-6 ಲಾರಿಗಳ ಬಗ್ಗೆ ಎರಡು ಮಾತು. ಇವು ನವ್ಯರು. ಮುಖ್ಯ ಪಾಲಿಗಿಂತ ಮೊದಲೇ ಚೂರು ಡೀಸೆಲ್ ಹನಿಸಿ ಆ ಹಳೆಯ ಪೆಟ್ಟನ್ನು ಮೆತ್ತಗೆ ಮಾಡುತ್ತವೆ, ಹೊಗೆ ತೊಳೆಯಲು ಯೂರಿಯಾ ನೀರು ಕುಡಿಯುತ್ತವೆ, ಹುಷಾರಿಲ್ಲದಿದ್ದರೆ ಲ್ಯಾಪ್‌ಟಾಪಿಗೆ ಮಾತ್ರ ಹೇಳಿಕೊಳ್ಳುತ್ತವೆ. ಊರಿನ ಗಾಳಿಗೆ ಇವೇ ಒಳ್ಳೆಯವು, ಅದರಲ್ಲಿ ಅನುಮಾನವಿಲ್ಲ. ಆದರೆ ಬ್ಯಾಟರಿ ಸತ್ತರೆ ಹಳೆಯದನ್ನು ಇಳಿಜಾರಿನಲ್ಲಿ ಬಿಟ್ಟು ಕ್ಲಚ್ ಒದ್ದು ಎಬ್ಬಿಸಬಹುದಿತ್ತು, ಒಮ್ಮೆ ಎದ್ದರೆ ಕರೆಂಟಿನ ಹಂಗಿಲ್ಲದೆ ಓಡುತ್ತಿತ್ತು. ಹೊಸದಕ್ಕೆ ಮೆಸೇಜು ಕಳಿಸಿ ಕಾಯಬೇಕು.

ಕೊನೆಯದಾಗಿ ಗೇರುಗಳ ಪ್ರಶ್ನೆ. ಷಟ್ಪದಿಯ ಬಗೆ ಆರು; 1210ರ ಗೇರು ಮುಂದಕ್ಕೆ ಐದು, ಹಿಂದಕ್ಕೊಂದು, ಒಟ್ಟು ಆರು. ಭಾರದಿಂದ ಲಘುವಿನತ್ತ ಹಂಚಿದರೆ ಮೊದಲನೆಯದು ಇಪ್ಪತ್ತು ಮಾತ್ರೆಯ ವಾರ್ಧಕ, ಎರಡನೆಯದು ಭಾಮಿನಿ, ಆಮೇಲೆ ಭೋಗ, ಕುಸುಮ, ಐದನೆಯದು ಬಾಣದಂತೆ ಹೊರಡುವ ಶರ. ಭಾಮಿನಿಯ ಸಣ್ಣ ಪಾದಕ್ಕೆ ಹದಿನಾಲ್ಕು ಮಾತ್ರೆ, ಎರಡನೇ ಗೇರಿಲ್ಲದೆ ಹತ್ತಲಾಗದ ಆಗುಂಬೆ ಘಾಟಿಗೆ ಹದಿನಾಲ್ಕು ಹಿಮ್ಮುರಿ ತಿರುವು. ಇದನ್ನು ಕಾಕತಾಳೀಯ ಎನ್ನುವವರಿಗೆ ಉತ್ತರಿಸುವ ಅಗತ್ಯ ನಮಗೆ ಕಾಣುವುದಿಲ್ಲ. ಮಿಕ್ಕಿದ ಪರಿವರ್ಧಿನಿಯನ್ನು ರಿವರ್ಸಿಗೆ ಕೊಟ್ಟಿದ್ದೆವು.

ಆದರೆ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಕೈಗೊಂಡ ಕ್ಷೇತ್ರಕಾರ್ಯ ಈ ಮತವನ್ನು ತಲೆಕೆಳಗು ಮಾಡಿತು. ಹಳೆಯ ಲಾರಿಯೊಂದು ಚೀಲ ತುಂಬಲು ಹಿಮ್ಮುಖವಾಗಿ ಗೋದಾಮಿನ ಬಾಗಿಲಿಗೆ ಸರಿಯುತ್ತಿತ್ತು. ಕ್ಲೀನರ್ ಹಿಂದೆ ನಿಂತು ಬಾಡಿಯ ಹಲಗೆಗೆ ಅಂಗೈ ತಟ್ಟುತ್ತ ಕೂಗುತ್ತಿದ್ದ: ‘ಬರ್ಲಿ ಬರ್ಲಿ ಬರ್ಲಿ ಬರ್ಲಿ!’ ಅಲ್ಲೇ ಪ್ರಸ್ತಾರ ಹಾಕಿದೆವು. ‘ಬರ್’ ಗುರು, ‘ಲಿ’ ಲಘು. ಮೂರು ಮಾತ್ರೆಯ ಗಣ, ಪಾದಕ್ಕೆ ನಾಲ್ಕು. ಉತ್ಸಾಹ ರಗಳೆ! ಹಿಂದೆ ಹೋಗುವ ಲಾರಿ ಷಟ್ಪದಿಯನ್ನು ಬಿಟ್ಟು ರಗಳೆಗೆ ಹೊರಳುತ್ತದೆ. ಹರಿಹರನ ಕಾಲದಿಂದ ಯಾರಿಗೂ ಹೊಳೆಯದಿದ್ದ ಈ ಸತ್ಯವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವಾಗ ಕ್ಲೀನರ್ ನಮ್ಮತ್ತ ತಿರುಗಿದ.

‘ಏ ಮೇಷ್ಟ್ರೇ, ಟೈರು ಕಾಲ್ಮೇಲೆ ಹತ್ತುತ್ತೆ! ಆ ಬುಕ್ಕು ಎತ್ಕೊಂಡು ಆ ಕಡೆ ನಡೀರಿ!’

ಇದರಲ್ಲಿ ಗಣ ಕೂಡುವುದಿಲ್ಲ. ಗದ್ಯವೆಂದು ಗುರುತು ಹಾಕಿಕೊಂಡು ಆ ಕಡೆ ನಡೆದೆವು.