ಧ್ಯಾನಶಬ್ದ ನಿರ್ಣಯ

ಕಣ್ಣು ಮುಚ್ಚಿ ಕೂರುವವರಲ್ಲಿ ಎರಡು ಮತಗಳುಂಟು. ಧ್ಯಾನಕ್ಕೆ ಮೌನವೇ ಬೇಕೆನ್ನುವವರು ಮೌನವಾದಿಗಳು. ತಂಬೂರಿಯೋ ಮಳೆಯ ರೆಕಾರ್ಡಿಂಗೋ ಹಿನ್ನೆಲೆಯಲ್ಲಿಲ್ಲದೆ ಮನಸ್ಸು ನಿಲ್ಲದೆನ್ನುವವರು ನಾದವಾದಿಗಳು. ಇವರಲ್ಲಿ ಹೆಚ್ಚು ಗಲಾಟೆ ಮಾಡುವವರು ಮೌನವಾದಿಗಳೇ. ಇಬ್ಬರ ನಡುವೆ ತೀರ್ಪು ಕೊಡುವ ಮುಂಚೆ ವಿಂಗಡಣೆಯಾಗಬೇಕು. ವಿಂಗಡಿಸದೆ ತೀರ್ಪು ಕೊಡುವುದು ಟಿವಿ ಚರ್ಚೆಯ ಪದ್ಧತಿ, ಶಾಸ್ತ್ರಕ್ಕೆ ಒಪ್ಪುವುದಿಲ್ಲ.

ಮೊದಲು ಮೌನದ ಲಕ್ಷಣ. ಶಬ್ದದ ಅಭಾವವೇ ಮೌನ ಎಂದುಬಿಡಬಹುದು. ಯಾವ ಅಭಾವ? ತಾರ್ಕಿಕರು ಅಭಾವದಲ್ಲೇ ನಾಲ್ಕು ಬಗೆ ಎಣಿಸಿದ್ದಾರೆ. ಅನ್ನಂಭಟ್ಟನ ತರ್ಕಸಂಗ್ರಹ ಉರುಹೊಡೆದ ಹುಡುಗರಿಗೆಲ್ಲ ಇದು ಬಾಯಿಪಾಠ. ಆ ನಾಲ್ಕನ್ನೂ ಬೆಂಗಳೂರಿನ ಎರಡು ಬೆಡ್‌ರೂಮಿನ ಒಂದು ಮನೆಯಲ್ಲಿ ಹುಡುಕಿ ನೋಡೋಣ.

ಪ್ರಾಗಭಾವವೆಂದರೆ ವಸ್ತು ಹುಟ್ಟುವ ಮುಂಚಿನ ಇಲ್ಲದಿರುವಿಕೆ. ಬೆಳಗಿನ ಜಾವ, ಹಾಲಿನವನ ಬೈಕು ಬರುವ ಮುಂಚೆ ಇರುತ್ತದಲ್ಲ, ಅದು. ಈ ಮೌನದಲ್ಲಿ ಕೂತವನು ಹೆಸರಿಗೆ ಧ್ಯಾನಿ. ಅವನು ಕಾಯುತ್ತಿರುವುದು ಬೈಕಿಗೆ. ಪ್ರಧ್ವಂಸಾಭಾವ, ಹುಟ್ಟಿದ್ದು ಹಾಳಾದ ಮೇಲಿನದು: ಪಕ್ಕದ ಮನೆಯ ಮಿಕ್ಸಿ ನಿಂತ ಮರುಕ್ಷಣ. ಇಷ್ಟು ರುಚಿಯಾದ ಮೌನ ಇನ್ನೊಂದಿಲ್ಲ. ಇದಕ್ಕೆ ಆದಿಯುಂಟು, ಅಂತ್ಯವಿಲ್ಲ ಎಂದು ತಾರ್ಕಿಕರು ಬರೆದಿಟ್ಟರು. ಪಾಪ, ಚಟ್ನಿಯನ್ನು ಎರಡು ಕಂತಿನಲ್ಲಿ ರುಬ್ಬುವವರ ಪಕ್ಕದಲ್ಲಿ ಅವರು ಬಾಡಿಗೆಗಿರಲಿಲ್ಲ. ಅನ್ಯೋನ್ಯಾಭಾವ ಎಂದರೆ ಇದು ಅದಲ್ಲ ಎಂಬುದು. ಫ್ಯಾನು ತಿರುಗುತ್ತಿರುವ ಕೋಣೆಯನ್ನು ನಿಶ್ಶಬ್ದ ಎನ್ನುತ್ತೇವೆ: ಮಿಕ್ಸಿಯಲ್ಲ, ಹಾರ್ನ್ ಅಲ್ಲ, ಆದ್ದರಿಂದ ಮೌನ. ಫ್ಯಾನಿಗೂ ದನಿಯಿತ್ತೆಂದು ತಿಳಿಯುವುದು ಕರೆಂಟು ಹೋದಾಗ. ಮೌನವಾದಿಗಳಲ್ಲಿ ಬಹುಪಾಲು ಜನ ಈ ಫ್ಯಾನ್ ಪಂಥದವರೇ.

ಉಳಿದದ್ದು ಅತ್ಯಂತಾಭಾವ, ಮೂರು ಕಾಲಕ್ಕೂ ಇಲ್ಲದಿರುವುದು. ಅಮೆರಿಕದ ಸಂಗೀತ ರಚನಕಾರ ಜಾನ್ ಕೇಜ್ ಇದನ್ನು ಅರಸಿ 1951ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರತಿಧ್ವನಿಯಿಲ್ಲದ ಕೋಣೆಯನ್ನು ಹೊಕ್ಕ. ಅಲ್ಲಿಯೂ ಅವನಿಗೆ ಎರಡು ಸ್ವರ ಕೇಳಿಸಿದವು, ಒಂದು ತಾರ, ಒಂದು ಮಂದ್ರ. ಎರಡೂ ನಿನ್ನ ಮೈಯವೇ ಎಂದು ಎಂಜಿನಿಯರು ತಿಳಿಸಿದ. ಮರುವರ್ಷ ಕೇಜ್, ವಾದಕ ಏನನ್ನೂ ನುಡಿಸದೆ ಕೂರುವ 4 ನಿಮಿಷ 33 ಸೆಕೆಂಡಿನ ಕೃತಿಯನ್ನು ಸಭೆಗೊಪ್ಪಿಸಿದ. ಹೀಗೆ ನಾಲ್ಕನೆಯ ಮೌನಕ್ಕೆ ಅಸಂಭವ ದೋಷ ತಟ್ಟಿತು. ಸರ್ಕಾರಕ್ಕೂ ಇದು ಗೊತ್ತು. 2000ದ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತಲಿನ ನಿಶ್ಶಬ್ದ ವಲಯಕ್ಕೂ ಹಗಲು ಹೊತ್ತು 50 ಡೆಸಿಬೆಲ್ ಮಂಜೂರು ಮಾಡಿವೆ.

ಇನ್ನು ಶಬ್ದ. ಅನ್ನಂಭಟ್ಟನ ಪ್ರಕಾರ ಅದು ಕಿವಿಗೆ ಸಿಗುವ ಗುಣ, ಆಕಾಶದಲ್ಲಿ ಮಾತ್ರ ಇರುವಂಥದ್ದು, ಎರಡು ವಿಧ. ಭೇರಿ ಮೊದಲಾದವುಗಳದ್ದು ಧ್ವನಿ, ಮಾತಿನದು ವರ್ಣ. ನಮ್ಮ ಜಗಳ ಅರ್ಧ ಬಗೆಹರಿಯುವುದು ಇಲ್ಲಿಯೇ. ಲಾರಿ ಗುಡುಗಿಕೊಂಡು ಹೋದರೂ ಧ್ಯಾನ ಹೇಗೋ ತಡೆದುಕೊಳ್ಳುತ್ತದೆ. ಗೋಡೆಯಾಚೆ ಇಬ್ಬರು ಪಿಸುಗುಟ್ಟಿದರೆ ತಡೆಯಲಾರದು. ಆ ಪಿಸುಮಾತಿನಲ್ಲಿ ನಮ್ಮ ಹೆಸರು ಬಂತೋ, ಮುಗಿಯಿತು. ಇಂಗ್ಲೆಂಡಿನ ಮನೋವಿಜ್ಞಾನಿ ನೆವಿಲ್ ಮೋರೆ 1959ರಲ್ಲಿ ಇದನ್ನು ಪರೀಕ್ಷಿಸಿದ. ಒಂದು ಕಿವಿಗೆ ಕೇಳಿದ್ದನ್ನು ಹಾಗೇ ಒಪ್ಪಿಸುತ್ತಾ ಹೋಗಿ ಎಂದು ಜನರಿಗೆ ಹೇಳಿ, ಇನ್ನೊಂದು ಕಿವಿಗೆ ಬೇರೆ ಮಾತು ಸುರಿದ. ಸುರಿದದ್ದು ನೆನಪಿನಲ್ಲಿ ಉಳಿಯಲಿಲ್ಲ. ಅದರ ನಡುವೆ ಸ್ವಂತ ಹೆಸರು ಬಂದಾಗ ಮಾತ್ರ ಸುಮಾರು ಮೂವರಲ್ಲಿ ಒಬ್ಬರಿಗೆ ಕೇಳಿಸಿತು. ಉಳಿದಿಬ್ಬರನ್ನು ಹುಟ್ಟಾ ಯೋಗಿಗಳೆನ್ನಬೇಕೋ, ಮದುವೆಯಾಗಿ ಬಹಳ ವರ್ಷವಾದವರೆನ್ನಬೇಕೋ!

ಆದರೆ ಈ ವಿಭಾಗಕ್ಕೆ ಅವ್ಯಾಪ್ತಿ ದೋಷವಿದೆ. ಕುಕ್ಕರ್ ವಿಷಲ್ಲನ್ನು ಎಲ್ಲಿ ಸೇರಿಸುವುದು? ರೂಪದಲ್ಲಿ ಶುದ್ಧ ಧ್ವನಿ, ಅಕ್ಷರದ ಸೋಂಕಿಲ್ಲ. ಆದರೂ ಕೂಗಿದೊಡನೆ ಧ್ಯಾನಿಯೊಳಗೆ ಪ್ರಶ್ನೆ ಏಳುತ್ತದೆ: ಇದು ಎರಡನೆಯದೋ ಮೂರನೆಯದೋ? ಆದ್ದರಿಂದ ಅನ್ನಂಭಟ್ಟನ ಕ್ಷಮೆ ಕೋರಿ ಮೂರನೆಯ ವರ್ಗವೊಂದನ್ನು ಸ್ಥಾಪಿಸುತ್ತಿದ್ದೇನೆ: ಕಾರ್ಯಾತ್ಮಕ ಶಬ್ದ. ಇದರಲ್ಲಿ ಒಳಭೇದಗಳುಂಟು. ಎಣಿಸು ಎನ್ನುವ ಕುಕ್ಕರ್ ಸಂಖ್ಯಾಪೇಕ್ಷಿ. ಕಸದ ಗಾಡಿಯ ಹಾಡು ಧಾವನಾಪೇಕ್ಷಿ. ಹಸಿ ಕಸದ ಬಕೆಟ್ಟು ಹಿಡಿದು ಓಡದಿದ್ದರೆ ಗಾಡಿ ಮುಂದಿನ ಬೀದಿಗೆ ಹೋಗಿರುತ್ತದೆ. ಅಡುಗೆಮನೆಯಿಂದ ಬರುವ “ರೀ, ಮೋಟ್ರು ಆಫ್ ಮಾಡಿದ್ರಾ?” ಉತ್ತರಾಪೇಕ್ಷಿ. ಮೂರರಲ್ಲಿ ಇದು ಅತಿ ಪ್ರಬಲ. ಮೌನವ್ರತ ಎಂಬ ಉತ್ತರವನ್ನು ಇದು ಸ್ವೀಕರಿಸುವುದಿಲ್ಲ.

ಮೋಟ್ರಿನ ಮಾತು ಬಂದದ್ದು ಒಳ್ಳೆಯದಾಯಿತು; ನಮ್ಮ ಸಿದ್ಧಾಂತಕ್ಕೆ ಪ್ರಮಾಣ ಇರುವುದು ಆ ಟ್ಯಾಂಕಿನಲ್ಲೇ. ಧ್ಯಾನದ ಆ್ಯಪ್ ತೆರೆದರೆ ‘ಹರಿಯುವ ನೀರು’ ಎಂಬ ಶಬ್ದ ಸಿಗುತ್ತದೆ. ಅದನ್ನು ಹಾಕಿಕೊಂಡವನ ಮುಖದ ಗಂಟು ಸಡಿಲುತ್ತದೆ. ಅದೇ ನೀರು, ಅದೇ ಜುಳುಜುಳು, ತಾರಸಿಯ ಟ್ಯಾಂಕು ತುಂಬಿ ಮೋರಿಗೆ ಸುರಿಯುವಾಗ ಕೇಳಿಸಿದರೆ ಅವನು ಪದ್ಮಾಸನ ಬಿಚ್ಚುವಷ್ಟೂ ಪುರಸೊತ್ತಿಲ್ಲದೆ ಏಳುತ್ತಾನೆ. ಕಾವೇರಿ ನೀರು ವಾರಕ್ಕೆರಡು ದಿನ ಬರುವ ಬಡಾವಣೆಯಾದರೆ ಇನ್ನೂ ಬೇಗ. ಡೆಸಿಬೆಲ್ ಒಂದೇ, ಆಕಾಶಗುಣವೂ ಒಂದೇ. ಬೇರೆಯಾದದ್ದು ಒಂದೇ ಒಂದು: ಆ್ಯಪಿನ ನೀರಿಗೆ ನಮ್ಮಿಂದ ಏನೂ ಆಗಬೇಕಾಗಿಲ್ಲ. ನಮ್ಮಿಂದ ಏನನ್ನೂ ಕೇಳದ ಶಬ್ದ ಧ್ಯಾನಕ್ಕೆ ಮೌನದಷ್ಟೇ ಸರಿ. ನಮ್ಮಿಂದ ಏನನ್ನೋ ನಿರೀಕ್ಷಿಸುವ ಮೌನ (ಹೆಂಡತಿ ಮಾತು ಬಿಟ್ಟ ಮನೆಯದು) ಧ್ಯಾನಕ್ಕೆ ಮಿಕ್ಸಿಗಿಂತ ಕೆಟ್ಟದ್ದು.

ಈ ದೃಷ್ಟಿಯಿಂದ ತಂಬೂರಿಯನ್ನು ಆರಿಸಿದವರು ಜಾಣರು. ಅದಕ್ಕೆ ಶುರುವಿಲ್ಲ, ಮುಕ್ತಾಯವಿಲ್ಲ, ಮುಂದೇನು ಎಂಬ ಕುತೂಹಲವಿಲ್ಲ. ಎಡೆಬಿಡದೆ ತುಂಬಿಕೊಂಡು ಸಣ್ಣಪುಟ್ಟ ಸದ್ದುಗಳನ್ನು ಮುಳುಗಿಸುತ್ತದೆ. ಮೆಚ್ಚಿನ ಕೀರ್ತನೆ ಹಾಕಿಕೊಳ್ಳುವವರು ಧ್ಯಾನ ಮಾಡುತ್ತಿಲ್ಲ, ಕಚೇರಿ ಕೇಳುತ್ತಿದ್ದಾರೆ. ಎರಡು ಕಿವಿಗೆ ಎರಡು ಕಂಪನ ಕೊಟ್ಟು ಮಿದುಳಿನಲ್ಲಿ ಮೂರನೆಯದನ್ನು ಹುಟ್ಟಿಸುವ ಬೈನಾರಲ್ ಬೀಟ್ಸ್‌ಗೆ ಹೆಡ್‌ಫೋನ್ ಬೇಕು. ಬ್ಯಾಟರಿ ಎಷ್ಟಿದೆ ಎಂಬ ಚಿಂತೆ ಅದರ ಜೊತೆಗೇ ಉಚಿತ. ನಾದವಾದಿಗಳು ಎತ್ತಿ ಹಿಡಿಯುವ ಹಠಯೋಗ ಪ್ರದೀಪಿಕೆಯಲ್ಲಿ ಸ್ವಾತ್ಮಾರಾಮ ನಾದಗಳನ್ನು ಸೊಗಸಾಗಿ ಪೇರಿಸಿರುವುದು ನಿಜ: ಮೊದಲು ಕಡಲು, ಮೋಡ, ಭೇರಿ, ನಡುವೆ ಶಂಖ, ಗಂಟೆ, ಕೊನೆಗೆ ಗೆಜ್ಜೆ, ಕೊಳಲು, ವೀಣೆ, ದುಂಬಿ. ಆದರೆ ಅವೆಲ್ಲ ಒಳಗೇ ಕೇಳಿಸಬೇಕಾದವು. ಬ್ಲೂಟೂತ್ ಸ್ಪೀಕರಿಗೆ ಅಲ್ಲಿ ಪ್ರವೇಶವಿಲ್ಲ. ಮೌನವಾದಿಗಳು ಹಿಗ್ಗಬೇಕಾದ್ದೂ ಇಲ್ಲ. ಗೋಯೆಂಕಾ ಪರಂಪರೆಯ ಹತ್ತು ದಿನದ ವಿಪಶ್ಯನ ಶಿಬಿರದಲ್ಲಿ ಆರ್ಯಮೌನ ಕಟ್ಟುನಿಟ್ಟು, ಆದರೆ ಗುರುಗಳ ಪಠಣದ ಧ್ವನಿಮುದ್ರಿಕೆಗೆ ಅಲ್ಲಿಯೂ ಜಾಗವಿದೆ.

ಅಧಿಕಾರಿ ಭೇದವನ್ನೂ, ಅಂದರೆ ಧ್ಯಾನಕ್ಕೆ ಕೂತವರು ಎಂಥವರೆಂಬುದನ್ನೂ, ಹೇಳಬೇಕು. ದೆಹಲಿಯ ಆನಂದ್ ಮತ್ತು ಸಂಗಡಿಗರು 1961ರಲ್ಲಿ ಯೋಗಿಗಳ ಮಿದುಳಿನ ಅಲೆ ಅಳೆದರು. ಸಮಾಧಿಯಲ್ಲಿದ್ದಾಗ ದೊಡ್ಡ ಸದ್ದಿಗೂ ಆ ಅಲೆ ಕದಡಲಿಲ್ಲವಂತೆ. ಜಪಾನಿನ ಕಸಮತ್ಸು ಮತ್ತು ಹಿರಾಯಿ 1966ರಲ್ಲಿ ಝೆನ್ ಗುರುಗಳಿಗೆ ಟಿಕ್ ಟಿಕ್ ಸದ್ದು ಕೇಳಿಸಿದರು. ಮಿಕ್ಕವರ ಮಿದುಳು ಅದಕ್ಕೆ ಒಗ್ಗಿಕೊಂಡರೆ, ಗುರುಗಳದ್ದು ಪ್ರತಿ ಟಿಕ್ಕಿಗೂ ಹೊಸದೆಂಬಂತೆ ಸ್ಪಂದಿಸಿತು. ಏನೂ ಕೇಳಿಸದವರು, ಎಲ್ಲವೂ ಕೇಳಿಸುವವರು: ಎಷ್ಟು ಅಂದದ ವಿಭಾಗ! 1981ರಲ್ಲಿ ಬೆಕರ್ ಮತ್ತು ಶಪೀರೊ ಮತ್ತೆ ಅಳೆದಾಗ ಎರಡು ಗುಂಪೂ ಸಾಮಾನ್ಯರಂತೆಯೇ ಒಗ್ಗಿಕೊಂಡವು. ಆದರೂ ಇಷ್ಟು ಚೆಂದದ ವರ್ಗೀಕರಣವನ್ನು ನಿಜವಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ ಕೈಬಿಡಲು ಶಾಸ್ತ್ರಕಾರನಿಗೆ ಮನಸ್ಸು ಬಾರದು.

ಕಡೆಯದಾಗಿ ಸಾಮೂಹಿಕ ಧ್ಯಾನದ ಗೊರಕೆ. ಇದು ಧ್ವನಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಶಬ್ದವೆಂದರೆ ಕಿವಿಗೆ ಸಿಗುವ ಗುಣವೆಂದಾದರೆ, ಗೊರೆಯುವವನ ಕಿವಿಗೆ ಸಿಗದ್ದರಿಂದ ಅವನ ಪಾಲಿಗೆ ಅದು ಶಬ್ದವೇ ಅಲ್ಲ. ಕೇಜ್‌ಗೆ ಹಾರ್ವರ್ಡಿನಲ್ಲಿ ಸಿಗದ ಅತ್ಯಂತಾಭಾವ ಇವನಿಗೆ ಜಮಖಾನದ ಮೇಲೆಯೇ ಸಿಕ್ಕಿದೆ. ಪಕ್ಕದವನಿಗೆ ಮಾತ್ರ ಅದು ಧ್ವನಿಯೂ ಹೌದು, ಏನಾದರೂ ಮಾಡು ಎನ್ನುವ ಕಾರ್ಯಾತ್ಮಕವೂ ಹೌದು. ಅವನು ಮಾಡಬಹುದಾದದ್ದು ಮೊಣಕೈಯಿಂದ ತಿವಿಯುವುದು. ತಿವಿತವು ಸ್ಪರ್ಶಗುಣಕ್ಕೆ ಸೇರಿದ್ದರಿಂದ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.