ಮುಖ ತಿರುಗಿಸುವ ಕಲೆ

ನಮ್ಮ ಸಿನಿಮಾಗಳಲ್ಲಿ ನಾಯಕಿ ಅಳುವ ಮೊದಲೇ ಆಕಾಶ ಅಳಲು ಶುರುಮಾಡುತ್ತದೆ. ಪ್ರೇಕ್ಷಕನಿಗೆ ಇನ್ನೂ ಅನುಮಾನ ಉಳಿದಿದ್ದರೆ ಇರಲಿ ಎಂದು ವೀಣೆಯ ತಂತಿ ಕಡಿಯುತ್ತದೆ, ದೇವರ ಮುಂದಿನ ದೀಪ ಆರುತ್ತದೆ, ಗಾಳಿಗೆ ಕಿಟಕಿ ಪಟಪಟ ಬಡಿದುಕೊಳ್ಳುತ್ತದೆ. ಇಷ್ಟೆಲ್ಲ ಆದ ಮೇಲೆ ನಾಯಕಿ ಅಳದಿದ್ದರೂ ನಡೆಯುತ್ತದೆ. ಈ ಗರಡಿಯಲ್ಲಿ ಪಳಗಿದ ನನ್ನಂಥವನನ್ನು ತಂದು ಸ್ಟಾಕ್‌ಹೋಮಿನ ನವೆಂಬರಿನಲ್ಲಿ ನಿಲ್ಲಿಸಿದರೆ ಏನಾಗಬೇಡ? ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲು, ಜಿಟಿಜಿಟಿ ಮಳೆ, ಎಲೆ ಉದುರಿದ ಮರಗಳು. ಪ್ರತಿ ಬಸ್‌ಸ್ಟಾಪಿನಲ್ಲೂ ಒಂದೊಂದು ಕರುಣರಸದ ದೃಶ್ಯ ಸಿದ್ಧವಾಗಿದೆ. ಆದರೆ ಅಲ್ಲಿ ನಿಂತವರಿಗೆ ಯಾವ ದುಃಖವೂ ಇಲ್ಲ. ಕೆಲಸ ಮುಗಿಸಿ ಮನೆಗೆ ಹೊರಟಿದ್ದಾರೆ, ಅಷ್ಟೆ.

ಆಕಾಶವೇ ಹೀಗೆ ವಿನಾಕಾರಣ ಅಳುತ್ತಿದ್ದರೆ ನಿರ್ದೇಶಕನಿಗೆ ಮಳೆ ಯಾವ ಉಪಯೋಗಕ್ಕೂ ಬರುವುದಿಲ್ಲ. ದುಃಖ ತೋರಿಸಲು ಅವನು ಬೇರೆ ದಾರಿ ನೋಡಿಕೊಳ್ಳಬೇಕು. ಸ್ವೀಡನ್ನಿನ ಪಾಪ್ ಹಾಡುಗಳ ವಿಡಿಯೊಗಳನ್ನು ನೋಡುತ್ತ ನೋಡುತ್ತ ನಾನು ಕಟ್ಟಿಕೊಂಡ ಸಿದ್ಧಾಂತ ಇದು. ವಿದ್ವಾಂಸರು ಒಪ್ಪಬೇಕೆಂದೇನೂ ಇಲ್ಲ. ಮನೆಯಲ್ಲೇ ಇನ್ನೂ ಅಂಗೀಕಾರವಾಗಿಲ್ಲ.

ಈ ಊರಿನಲ್ಲಿ ಪಾಪ್ ಸಂಗೀತದ ಮಾತೆತ್ತಿದರೆ ಅಬ್ಬಾ ತಂಡಕ್ಕೆ ಮೊದಲ ನಮಸ್ಕಾರ ಸಲ್ಲಲೇಬೇಕು. ಆಗ್ನೆಟಾ ಮತ್ತು ಬ್ಯೋರ್ನ್ ಒಂದು ಜೋಡಿ, ಫ್ರೀಡಾ ಮತ್ತು ಬೆನ್ನಿ ಇನ್ನೊಂದು ಜೋಡಿ. 1974ರಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದ ಮೇಲೆ ಎಲ್ಲ ದೇಶದವರೂ ಇವರನ್ನು ಕರೆಯತೊಡಗಿದರು. ಎಲ್ಲ ಕಡೆ ಹೋಗುವುದು ಆಗದ ಮಾತು. ಹಾಡಿಗೊಂದು ಪುಟ್ಟ ಚಿತ್ರ ತೆಗೆದು ಟೀವಿ ಕೇಂದ್ರಗಳಿಗೆ ಕಳಿಸಿದರೆ ಹೇಗೆ? ಸ್ವೀಡಿಷ್ ಟೆಲಿವಿಷನ್ನಿನಲ್ಲಿ ಪಳಗಿದ್ದ ಲಾಸ್ಸೆ ಹಾಲ್‌ಸ್ಟ್ರೋಮ್ ಎಂಬ ತರುಣನಿಗೆ ಆ ಕೆಲಸ ಬಿತ್ತು. ಮುಂದೆ 1982ರವರೆಗೆ ತಂಡದ ಬಹುಪಾಲು ಹಾಡುಗಳ ಚಿತ್ರಗಳು ಅವನವೇ. ತಾವು ಹೋಗಲಾಗದ ಊರಿಗೆ ತಮ್ಮ ಮುಖವನ್ನು ಅಂಚೆಯಲ್ಲಿ ಕಳಿಸುವ ಈ ಉಪಾಯ ಎಷ್ಟು ಫಲಿಸಿತೆಂದರೆ, ‘ಮಮ್ಮಾ ಮಿಯಾ’ದ ಚಿತ್ರವನ್ನು ಆಸ್ಟ್ರೇಲಿಯಾದ ‘ಕೌಂಟ್‌ಡೌನ್’ ಕಾರ್ಯಕ್ರಮ ತೋರಿಸಿದ ಮೇಲೆ ಜನ ಹಟ ಹಿಡಿದು ರೆಕಾರ್ಡ್ ಬಿಡಿಸಿದರು. ಅದು 10 ವಾರ ಅಲ್ಲಿ ಮೊದಲ ಸ್ಥಾನ ಬಿಟ್ಟು ಅಲ್ಲಾಡಲಿಲ್ಲ.

ಆ ಚಿತ್ರದಲ್ಲಿ ಇರುವುದಾದರೂ ಏನು? ಬಿಳಿ ಹಿನ್ನೆಲೆ, ನಾಲ್ಕು ಜನ, ಮಿಂಚುವ ಬಟ್ಟೆ. ನಡುನಡುವೆ ಇಬ್ಬರು ಹೆಂಗಸರ ಮುಖಗಳು ಪರದೆ ತುಂಬುತ್ತವೆ. ಒಬ್ಬಳು ನೇರ ನಮ್ಮನ್ನು ನೋಡುತ್ತಾಳೆ, ಇನ್ನೊಬ್ಬಳು ಪಕ್ಕಕ್ಕೆ ತಿರುಗಿರುತ್ತಾಳೆ. ಮುಖಗಳು ಅಷ್ಟು ಹತ್ತಿರ, ನೋಟಗಳು ಅಷ್ಟು ದೂರ. ಇದನ್ನು ಕಂಡವರಿಗೆ ಇಂಗ್ಮಾರ್ ಬರ್ಗ್‌ಮನ್ನನ 1966ರ ‘ಪರ್ಸೋನಾ’ ನೆನಪಾಗದೆ ಇರದು. ಅಲ್ಲಿ ಸ್ವೆನ್ ನೈಕ್ವಿಸ್ಟನ ಕ್ಯಾಮೆರಾ ಇಬ್ಬರು ನಟಿಯರ ಮುಖಗಳನ್ನು ಒತ್ತೊತ್ತಾಗಿ ಕೂರಿಸಿ, ಕೊನೆಗೆ ಎರಡರ ಅರ್ಧರ್ಧ ಸೇರಿಸಿ ಒಂದೇ ಮುಖ ಮಾಡಿಬಿಡುತ್ತದೆ. ಫಿಲಂ ಸೊಸೈಟಿಯಲ್ಲಿ ಗಡ್ಡ ನೀವಿಕೊಳ್ಳುತ್ತ ನೋಡಬೇಕಾದದ್ದು ಇಲ್ಲಿ ಕುಣಿಯುವ ಹಾಡಿನೊಳಗೆ ಸದ್ದಿಲ್ಲದೆ ಬಂದು ಕುಳಿತಿದೆ.

ತಿಪಟೂರಿನಿಂದ ನಮ್ಮತ್ತೆ ಬಂದಿದ್ದಾಗ ಒಂದು ಸಂಜೆ, 1977ರ ‘ನೋಯಿಂಗ್ ಮಿ, ನೋಯಿಂಗ್ ಯು’ ಹಾಕಿದೆ. ಅವರಿಗೆ ಇಂಗ್ಲಿಷೂ ಬಾರದು, ಸ್ವೀಡಿಷೂ ಬಾರದು. ಹುರುಳಿಕಾಯಿಯ ನಾರು ತೆಗೆಯುತ್ತ ಅರ್ಧ ಹಾಡು ನೋಡಿ, “ಮನೇಲಿ ಏನೋ ಆಗಿದೆ ಅಳಿಯಂದಿರೇ ಇವರಿಗೆ” ಅಂದರು.

“ಅದು ಹೇಗೆ ಗೊತ್ತಾಯ್ತು ಅತ್ತೆ?”

“ಇನ್ನೇನ್ರೀ ಮತ್ತೆ? ಇಷ್ಟು ಒತ್ತಿಗೆ ನಿಂತವ್ರೆ, ಒಬ್ಬರ ಮುಖ ಒಬ್ಬರು ನೋಡ್ತಾ ಇಲ್ಲ. ಇದಕ್ಕೆ ಇಂಗ್ಲಿಷ್ ಬೇರೆ ಬರಬೇಕಾ?”

ಬರ್ಗ್‌ಮನ್ನನ ಬಗ್ಗೆ ಪುಸ್ತಕ ಬರೆದವರೂ ಇದಕ್ಕಿಂತ ಸ್ಪಷ್ಟವಾಗಿ ಹೇಳಿದ್ದನ್ನು ನಾನು ಓದಿಲ್ಲ.

ಆ ವಿಡಿಯೊದಲ್ಲಿ ಇನ್ನೊಂದು ಚಮತ್ಕಾರವಿದೆ. ಚಲಿಸುತ್ತಿದ್ದ ಚಿತ್ರ ಇದ್ದಕ್ಕಿದ್ದಂತೆ ಕಲ್ಲಾಗುತ್ತದೆ. ತಂತ್ರ ಸರಳ: ಫಿಲಂ ಪ್ರಯೋಗಾಲಯದಲ್ಲಿ ಒಂದೇ ಚೌಕಟ್ಟನ್ನು ಮತ್ತೆ ಮತ್ತೆ ಮುದ್ರಿಸಿದರಾಯಿತು. ನಮಗೇನೂ ಇದು ಹೊಸದಲ್ಲ. ನಮ್ಮ ಸಿನಿಮಾಗಳ ಕೊನೆಯಲ್ಲಿ ಇಡೀ ಕುಟುಂಬ ಹೋ ಎಂದು ನಗುವಾಗ ಚಿತ್ರ ನಿಂತು, ಮೇಲೆ ‘ಶುಭಂ’ ಮೂಡುತ್ತಿತ್ತಲ್ಲ, ಅದೇ ತಂತ್ರ. ನಾವು ಕಾಲವನ್ನು ನಿಲ್ಲಿಸಿದ್ದು ಎಲ್ಲರೂ ಒಟ್ಟಾದ ಗಳಿಗೆಯಲ್ಲಿ. ಹಾಲ್‌ಸ್ಟ್ರೋಮ್ ನಿಲ್ಲಿಸಿದ್ದು ಬೇರೆಯಾಗುವ ಗಳಿಗೆಯಲ್ಲಿ. ಮುಂದೆ ಆ ಹೆಂಗಸರಿಬ್ಬರೂ ಹಿಮದಲ್ಲಿ ನಡೆದು ಹೋಗುತ್ತಾರೆ. ತಮಾಷೆಯೆಂದರೆ, ಆಗ ಎರಡು ಜೋಡಿಗಳೂ ಕೂಡಿಯೇ ಇದ್ದವು. ಬೆನ್ನಿ–ಫ್ರೀಡಾರ ಮದುವೆಯಂತೂ ಆಗಿದ್ದೇ 1978ರಲ್ಲಿ. ಸಪ್ತಪದಿಗೂ ಮೊದಲೇ ವಿಚ್ಛೇದನದ ತಾಲೀಮು ನಡೆದಿತ್ತು.

ತಾಲೀಮು ವ್ಯರ್ಥವಾಗಲಿಲ್ಲ. ಆಗ್ನೆಟಾ ಮತ್ತು ಬ್ಯೋರ್ನ್ ಬೇರೆಯಾದರು. 1980ರಲ್ಲಿ ಬ್ಯೋರ್ನ್ ಬರೆದ, ಸೋತವಳೊಬ್ಬಳ ಅಳಲಿನ ಹಾಡನ್ನು ಹಾಡಿದ್ದು ಆಗ್ನೆಟಾ. ಅದು ತಮ್ಮ ಕಥೆಯಲ್ಲವೆಂದು ಅವರು ಎಷ್ಟು ಸಲ ಹೇಳಿದರೂ ಕೇಳುವವರು ತಲೆಯಾಡಿಸಿ, ನಂಬದೆ ಎದ್ದುಹೋಗುತ್ತಾರೆ. ‘ದಿ ವಿನ್ನರ್ ಟೇಕ್ಸ್ ಇಟ್ ಆಲ್’ನ ಚಿತ್ರ ತೆಗೆದದ್ದು ಪಶ್ಚಿಮ ತೀರದ ಮಾರ್‌ಸ್ಟ್ರಾಂಡ್ ಎಂಬ ದ್ವೀಪದಲ್ಲಿ, ಬೇಸಿಗೆಯಲ್ಲಿ. ಇಲ್ಲೂ ಮಳೆಯಿಲ್ಲ. ಮೊದಲು ಒಂದಿಷ್ಟು ಕಪ್ಪುಬಿಳುಪು ಫೋಟೊಗಳು, ಆಮೇಲೆ ಆಗ್ನೆಟಾಳ ಮುಖ. ಉಳಿದ ಮೂವರು ಊಟದ ಮೇಜಿನ ಸುತ್ತ ನಗುತ್ತ ಕೂತಿದ್ದಾರೆ. ದುಃಖದ ಹಾಡಿನ ನಡುವೆ ಆ ನಗುವನ್ನು ತಂದಿಟ್ಟವನ ಧೈರ್ಯ ಮೆಚ್ಚಬೇಕು. ಬೇರೆಯವರೂ ಅತ್ತಿದ್ದರೆ ಅವಳ ಭಾರ ಹಂಚಿಹೋಗುತ್ತಿತ್ತು.

ಇಷ್ಟು ಹೊತ್ತಿಗೆ ನನ್ನ ಸಿದ್ಧಾಂತಕ್ಕೊಂದು ಎರಡನೆಯ ಕಲಮು ಸೇರಿತು: ಹಾಡು ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಇಬ್ಬರಲ್ಲಿ ಒಬ್ಬರಿಗೆ ಸಂಬಳ ದಂಡ. ಚಿತ್ರ ಹೇಳಬೇಕಾದದ್ದು ಹಾಡು ಮುಚ್ಚಿಟ್ಟದ್ದನ್ನು. ಇದಕ್ಕೆ ಸಾಕ್ಷಿಯಾಗಿ 1982ರ ‘ದ ಡೇ ಬಿಫೋರ್ ಯು ಕೇಮ್’ ಇದೆ. ಇದು ಹಾಲ್‌ಸ್ಟ್ರೋಮನದಲ್ಲ, ಶೆಲ್ ಸುಂಡ್‌ವಾಲ್ ಮತ್ತು ಶೆಲ್-ಓಕೆ ಆಂಡರ್ಸನ್ ನಿರ್ದೇಶಿಸಿದ್ದು. ಹಾಡಿನಲ್ಲಿ ಒಬ್ಬಳ ತೀರಾ ಸಾಧಾರಣ ದಿನಚರಿ: ರೈಲು, ಕಚೇರಿ, ಊಟ, ಟೀವಿ. ಚಿತ್ರದಲ್ಲಿ ಮಾತ್ರ ರೈಲಿನಲ್ಲಿ ಒಬ್ಬ ಅಪರಿಚಿತನ ಜತೆ ಅವಳ ಕಣ್ಣು ಕೂಡುತ್ತದೆ. ಆ ನಿಲ್ದಾಣ ಟುಂಬಾ, ಸ್ಟಾಕ್‌ಹೋಮಿನ ನೈಋತ್ಯಕ್ಕಿರುವ ಬಡಾವಣೆ. ಅದೇ ಲೋಕಲ್ ರೈಲಿನಲ್ಲಿ ಓಡಾಡುವ ನಾನು ಹೇಳುತ್ತೇನೆ, ಕೇಳಿ: ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ. ಇಡೀ ಬೋಗಿ ಫೋನು ನೋಡುತ್ತದೆ, ಫೋನಿನ ಚಾರ್ಜು ಮುಗಿದವರು ಕಿಟಕಿಯಾಚೆಯ ಕತ್ತಲನ್ನು ನೋಡುತ್ತಾರೆ. ಅಂಥ ಊರಿನಲ್ಲಿ ಒಂದು ನೋಟವೆಂದರೆ ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದಷ್ಟೇ ದೊಡ್ಡ ಬೆಳವಣಿಗೆ.

ಹಾಗಂತ ನಮ್ಮವರಿಗೆ ಕ್ಯಾಮೆರಾ ಗೊತ್ತಿರಲಿಲ್ಲವೆಂದು ಯಾರೂ ತಿಳಿಯಬಾರದು. ಪುಟ್ಟಣ್ಣ ಕಣಗಾಲರು 1972ರ ‘ನಾಗರಹಾವು’ ಚಿತ್ರಕ್ಕೆ ಚಿತ್ರದುರ್ಗದ ಕೋಟೆಯಲ್ಲಿ ವಿಷ್ಣುವರ್ಧನ್ ಮತ್ತು ಆರತಿಯವರನ್ನು ನಿಧಾನಗತಿಯಲ್ಲಿ ಓಡಿಸಿದರು. ಪ್ರೇಮಿಗಳಿಗೆ ಭೂಮಿಯ ಸೆಳೆತ ಕಡಿಮೆಯಾದಂತೆ ಕಾಣುವುದು ಆ ತಂತ್ರದಿಂದಲೇ. ಸಂತೋಷದಲ್ಲಿ ಕಾಲ ನಿಧಾನವಾಗುತ್ತದೆ ಎಂದು ಚಿತ್ರದುರ್ಗ ಹೇಳಿದರೆ, ದುಃಖದಲ್ಲಿ ಕಾಲ ನಿಂತೇಬಿಡುತ್ತದೆ ಎಂದು ಸ್ಟಾಕ್‌ಹೋಮ್ ಹೇಳಿತು.

ಹಾಲ್‌ಸ್ಟ್ರೋಮ್ ಮುಂದೆ ‘ಮೈ ಲೈಫ್ ಆ್ಯಸ್ ಎ ಡಾಗ್’ ತೆಗೆದು ಆಸ್ಕರ್‌ಗೆ ನಾಮನಿರ್ದೇಶನಗೊಂಡು ಹಾಲಿವುಡ್ಡಿಗೆ ಹೋದ. ಅಲ್ಲಿ 1993ರ ಅವನ ‘ವಾಟ್ಸ್ ಈಟಿಂಗ್ ಗಿಲ್ಬರ್ಟ್ ಗ್ರೇಪ್’ಗೆ ಕ್ಯಾಮೆರಾ ಹಿಡಿದವನು ಬೇರಾರೂ ಅಲ್ಲ, ಬರ್ಗ್‌ಮನ್ನನ ನೈಕ್ವಿಸ್ಟನೇ. ಮತ್ತೆ 2014ರ ‘ದ ಹಂಡ್ರೆಡ್ ಫೂಟ್ ಜರ್ನಿ’ಯಲ್ಲಿ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಹೋಟೆಲು ತೆರೆಯುವ ಅಪ್ಪನಾಗಿ ಓಂ ಪುರಿ ಇದ್ದಾರೆ. ಅವರು ನಮ್ಮ ‘ಎಕೆ 47’ರಲ್ಲಿ ಶಿವಣ್ಣನ ಅಪ್ಪ. ಹೀಗೆ ಅಬ್ಬಾ ತಂಡಕ್ಕೂ ಗಾಂಧಿನಗರಕ್ಕೂ ದೂರದ ನೆಂಟಸ್ತಿಕೆ ಕೂಡಿತು. ನೆಂಟಸ್ತಿಕೆ ಹುಡುಕದೆ ನಮ್ಮ ಕಡೆಯವರಿಗೆ ಊಟ ಸೇರುವುದಿಲ್ಲ.

ಆಮೇಲಿನ ತಲೆಮಾರಿನ ಸ್ವೀಡಿಷ್ ಗಾಯಕಿ ರಾಬಿನ್ ಮಾಡಿದ್ದೇ ಬೇರೆ. ಮ್ಯಾಕ್ಸ್ ವಿಟಾಲಿ ನಿರ್ದೇಶಿಸಿದ ‘ಕಾಲ್ ಯುವರ್ ಗರ್ಲ್‌ಫ್ರೆಂಡ್’ನಲ್ಲಿ ಬರಿದಾದ ದೊಡ್ಡ ಹಜಾರವೊಂದರಲ್ಲಿ ಅವಳೊಬ್ಬಳೇ ಕುಣಿಯುತ್ತಾಳೆ, ನೆಲದ ಮೇಲೆ ಉರುಳುತ್ತಾಳೆ. ಹಾಡಿನಲ್ಲಿ ಮೂವರ ಕಥೆಯಿದೆ. ಚಿತ್ರದಲ್ಲಿ ಉಳಿದಿಬ್ಬರ ಸುಳಿವೇ ಇಲ್ಲ. ಎಲ್ಲೂ ಕತ್ತರಿ ಬಿದ್ದಿಲ್ಲ, ಮೊದಲಿಂದ ಕೊನೆಯವರೆಗೆ ಒಂದೇ ಓಟ. ಕತ್ತರಿಯಿದ್ದರೆ ನಮಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಇಲ್ಲಿ ಅದೂ ಇಲ್ಲ. ಅವಳು ಸುಸ್ತಾಗುವುದನ್ನು ನಾವು ನಿಂತು ನೋಡಲೇಬೇಕು.

ಈಗ ಕಾಲ ಬದಲಾಗಿದೆ. 2022ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಅಬ್ಬಾ ವಾಯೇಜ್’ಗಾಗಿ, ಎಪ್ಪತ್ತರ ಆಸುಪಾಸಿನ ಆ ನಾಲ್ವರು ಸೆನ್ಸರು ಅಂಟಿಸಿದ ಬಿಗಿ ಬಟ್ಟೆ ತೊಟ್ಟು, 5 ವಾರ, 160 ಕ್ಯಾಮೆರಾಗಳ ನಡುವೆ ಹಾಡಿ ಕುಣಿದರು. ಅದರಿಂದ ಅವರ ಹರೆಯದ ಡಿಜಿಟಲ್ ರೂಪಗಳು ಹುಟ್ಟಿ ವೇದಿಕೆಯೇರಿದವು. ಅಷ್ಟು ಕ್ಯಾಮೆರಾಗಳಿಂದ ತಪ್ಪಿಸಿಕೊಂಡು ಮುಖ ತಿರುಗಿಸಲು ಜಾಗವಾದರೂ ಎಲ್ಲಿ?

ಇದನ್ನೆಲ್ಲ ಮೊನ್ನೆ ಮೈಸೂರಿನ ನನ್ನ ಅಕ್ಕನ ಮಗನಿಗೆ ಫೋನಿನಲ್ಲಿ ವಿಸ್ತಾರವಾಗಿ ವಿವರಿಸಿದೆ. ಅವನು ಪ್ರೇಮಭಂಗದ ಆಲ್ಬಂ ಸಾಂಗೊಂದನ್ನು ತೆಗೆಯುವ ಗಡಿಬಿಡಿಯಲ್ಲಿದ್ದ. “ಮಾವ, ಡ್ರೋನ್ ಒಂದು ಸಾಕಾ, ಎರಡು ಬೇಕಾ? ಮಳೆಗೆ ಟ್ಯಾಂಕರ್ ಹೇಳಿದೀನಿ” ಅಂದ. ಡ್ರೋನೂ ಬೇಡ, ಟ್ಯಾಂಕರೂ ಬೇಡ, ಯಾರು ಯಾರನ್ನು ನೋಡಬಾರದು ಅನ್ನೋದನ್ನು ಮೊದಲು ತೀರ್ಮಾನ ಮಾಡು ಅಂದೆ.

“ಅದು ಆಗಲೇ ತೀರ್ಮಾನ ಆಗಿದೆ ಮಾವ. ಹೀರೋಯಿನ್ ಅಮ್ಮ ಸೆಟ್ಟಿಗೆ ಬರ್ತಾರೆ.”