ಉನ್ನತಹಿಂಬಡ ಮೀಮಾಂಸೆ: ಶಲವಡಿ ಪ್ರಕರಣ

ವಿಷಯ

ಗಂಡಸು ಎತ್ತರದ ಹಿಂಬಡದ ಮೆಟ್ಟು ಮೆಟ್ಟಬಹುದೇ ಎಂಬುದು ಈ ಪ್ರಕರಣದ ವಿಷಯ. ಮೆಟ್ಟಿ ಖುಷಿಪಡಬಹುದೇ ಎಂಬುದು ಉಪವಿಷಯ. ಪೇಟೆಗೆ ಹೋಗಿ, ನಾಲ್ಕು ಜೋಡು ತೆಗೆಸಿ, ಕನ್ನಡಿಯ ಮುಂದೆ ಅತ್ತಿಂದಿತ್ತ ನಡೆದು, ಚೌಕಾಸಿ ಮಾಡಿ ಕೊಳ್ಳಬಹುದೇ ಎಂಬುದು ಉಪೋಪವಿಷಯ. ಇವುಗಳನ್ನು ಪೂರ್ವಾಚಾರ್ಯರು ಮುಟ್ಟಿದಂತಿಲ್ಲ. ಭಕ್ತರು ಪಾದಕ್ಕೆ ಅಡ್ಡಬಿದ್ದು ಎದ್ದುಹೋದರು. ಛಂದಸ್ಸಿನವರು ಪಾದಗಳನ್ನು ಎಣಿಸಿ ಕೈತೊಳೆದುಕೊಂಡರು. ಪಾದಕ್ಕೆ ಹಿಂದುಗಡೆ ಹಿಂಬಡವೆಂಬುದೊಂದಿದೆ ಎಂದು ಯಾರೂ ತಿರುಗಿ ನೋಡಲಿಲ್ಲ. ನವಲಗುಂದ ಸೀಮೆಯ ಶಲವಡಿಯ ಕಟ್ಟೆಯ ಮೇಲೆ ಕುಳಿತು ಆ ಕೊರತೆಯನ್ನು ನೀಗಿಸುವ ಯತ್ನವಿದು.

ಪದವಿಚಾರ

ಪುಸ್ತಕದ ಹಿಮ್ಮಡಿ ನಮ್ಮ ಕಡೆ ಹಿಂಬಡವಾಗುತ್ತದೆ. 'ಉನ್ನತಹಿಂಬಡ' ಎಂದೊಡನೆ ವೈಯಾಕರಣ ಕೇಶಿರಾಜನ ಪಕ್ಷದವರು ಎದ್ದು ನಿಲ್ಲುತ್ತಾರೆ: ಸಂಸ್ಕೃತಕ್ಕೂ ಕನ್ನಡಕ್ಕೂ ಗಂಟು ಹಾಕಿದ್ದೀರಿ, ಇದು ಅರಿಸಮಾಸ. ಒಪ್ಪಿದೆ. ಗಂಡಸಿಗೂ ಹೈಹೀಲ್ಡಿಗೂ ಗಂಟು ಹಾಕುವುದೇ ದೊಡ್ಡ ಅರಿಸಮಾಸವೆಂದು ಊರು ತಿಳಿದಿರುವಾಗ ಹೆಸರೂ ಹಾಗೇ ಇರಲಿ. ಆದರೆ ಬಿರುದಾವಳಿಯಲ್ಲಿ ಅರಿಸಮಾಸ ದೋಷವಲ್ಲವೆಂದು ಅದೇ ವ್ಯಾಕರಣ ಹೇಳುತ್ತದೆ. ದೊರೆಯ ಬಿರುದಿಗೆ ಮಾಫಿ, ಬಡವನ ಮಾತಿಗೆ ದಂಡ. ಓದುಗರು ಈ ಸೂತ್ರವನ್ನು ನೆನಪಿಡಬೇಕು, ಮುಂದೆ ಕೆಲಸಕ್ಕೆ ಬರುತ್ತದೆ.

ಪೂರ್ವಪಕ್ಷ

ಕಟ್ಟೆಯ ಹಿರಿಯರು ಎತ್ತಿದ ಆಕ್ಷೇಪಗಳು ಮೂರು.

ಒಂದು: "ಅದು ಹೆಣ್ಮಕ್ಕಳ ಸಾಮಾನರೀ."

ಎರಡು: "ಗಂಡಸು ಅದನ್ನ ಹಾಕ್ಕೊಂಡು ನಡದ್ರ ಮೂಗು ಒಡಕೋತಾನ."

ಮೂರು: "ಮಂದಿ ಏನಂದಾರು?"

ಉತ್ತರಪಕ್ಷ

ಮೊದಲನೆಯದಕ್ಕೆ ಸಮಾಧಾನ. ಎತ್ತರದ ಹಿಂಬಡ ಹುಟ್ಟಿದ್ದು ಕುದುರೆಯ ಬೆನ್ನ ಮೇಲೆ. ಪರ್ಷಿಯಾದ ಸವಾರರು ರಿಕಾಪಿನಲ್ಲಿ ಕಾಲು ಜಾರದಂತೆ, ಎದ್ದು ನಿಂತು ಬಾಣ ಬಿಡಲು ಹಿಂಬಡವಿದ್ದ ಮೆಟ್ಟು ತೊಡುತ್ತಿದ್ದರು. 1599ರಲ್ಲಿ ಅಲ್ಲಿನ ದೊರೆ ಶಾ ಅಬ್ಬಾಸನ ರಾಯಭಾರಿಗಳು ಯುರೋಪಿಗೆ ಹೊರಟರು. ಆ ಕಾಲದಲ್ಲಿ ಪರ್ಷಿಯಾದ ಹುಚ್ಚು ಅಲ್ಲಿನವರಿಗೆ ಹತ್ತಿ, ಗಂಡಸರೂ ಹಿಂಬಡ ಏರಿಸಿಕೊಂಡರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯಂತೂ ಅದಕ್ಕೆ ಕೆಂಪು ಬಣ್ಣ ಬಳಿಸಿದ. 1701ರಲ್ಲಿ ರಿಗೋ ಎಂಬ ಕಲಾವಿದ ಬರೆದ ಚಿತ್ರದಲ್ಲಿ ಅರವತ್ತು ದಾಟಿದ ಆ ದೊರೆ ನಿಲುವಂಗಿ ಸರಿಸಿ, ಕಾಲು ಮುಂದೆ ಚಾಚಿ, ಕೆಂಪು ಹಿಂಬಡ ತೋರಿಸುತ್ತ ನಿಂತಿದ್ದಾನೆ. ಆ ಕೆಂಪು ಆಸ್ಥಾನದ ಗಣ್ಯರಿಗೆ ಮೀಸಲು, ಎಲ್ಲರಿಗೂ ಅಲ್ಲ. ಬಿರುದಾವಳಿಯ ಮಾಫಿ ಎಂದರೆ ಇದೇ. ಹದಿನೆಂಟನೆಯ ಶತಮಾನದಲ್ಲಿ ಗಂಡಸರು ಹಿಂಬಡದಿಂದ ಇಳಿದರು, ಹೆಂಗಸರು ಉಳಿಸಿಕೊಂಡರು. ಬಿಟ್ಟುಹೋದ ಹೊಲವನ್ನು ಮಂದಿ ಬಿತ್ತಿದ ಮೇಲೆ ಅದು ಮೊದಲಿನಿಂದಲೂ ಅವರದೇ ಎನ್ನುವುದು ಯಾವ ನ್ಯಾಯ? 2015ರಲ್ಲಿ ಟೊರಾಂಟೊದ ಬಾಟಾ ಪಾದರಕ್ಷೆ ಸಂಗ್ರಹಾಲಯ ಗಂಡಸರ ಹಿಂಬಡದ ಚರಿತ್ರೆಗೆಂದೇ ಒಂದು ಪ್ರದರ್ಶನ ಇಟ್ಟಿತು.

ಅಷ್ಟು ದೂರವಾದರೂ ಏಕೆ? ನಮ್ಮ ಮಠಗಳ ಹಾವಿಗೆ ನೋಡಿ. ಕೆಳಗೆ ಎರಡು ಗುಬ್ಬಿ ಕೊರೆದು ನೆಲದಿಂದ ಎತ್ತರಿಸಿದ ಮರದ ಮೆಟ್ಟು, ತೊಟ್ಟವರು ಸ್ವಾಮಿಗಳು. ರಾಮನ ಪಾದುಕೆ ಹದಿನಾಲ್ಕು ವರ್ಷ ಸಿಂಹಾಸನದ ಮೇಲೆ ಕೂತು ರಾಜ್ಯವಾಳಿತು. ಗಂಡಸಿನ ಮೆಟ್ಟಿಗೆ ಇದಕ್ಕಿಂತ ಎತ್ತರ ಬೇರೆ ಇಲ್ಲ.

ಎರಡನೆಯ ಆಕ್ಷೇಪಕ್ಕೆ ಸಮಾಧಾನ ಶಲವಡಿಯ ಹೊಲದಲ್ಲೇ ಇದೆ. ನಮ್ಮದು ಎರಿ ನೆಲ. ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ತೆಳು ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಪಾದ ಸಿಕ್ಕಿಬೀಳುವಷ್ಟು ಬಿರುಕು ಬಿಡುತ್ತದೆ. ಬೆಣ್ಣಿಹಳ್ಳ ತುಂಬಿ ಬರುವ ದಿನಗಳಲ್ಲಿ, ಹೆಸರು ಬಿಡಿಸುವ ಹೊತ್ತಿಗೆ ಒಂದು ಹದ ಮಳೆಯಾಗಲಿ, ಊರಿನ ಗಂಡಸರೆಲ್ಲ ಹೈಹೀಲ್ಡು.

ಕ್ರಮ ಹೀಗೆ. ಮೊದಲ ಹೆಜ್ಜೆಗೆ ಎರಿ ಅಟ್ಟೆಯನ್ನು ಮೆತ್ತುತ್ತದೆ. ಎರಡನೆಯದಕ್ಕೆ ಮೊದಲಿನ ಎರಿಗೇ ಎರಿ ಹತ್ತುತ್ತದೆ. ಐದನೆಯದಕ್ಕೆ ಮೆಟ್ಟಿನ ಸುತ್ತ ರೊಟ್ಟಿಯಂತೆ ಹರಡಿಕೊಳ್ಳುತ್ತದೆ. ಹತ್ತಕ್ಕೆ ಮನುಷ್ಯ ನಾಲ್ಕು ಬೆರಳು ಎತ್ತರ. ಆಗ ಅವನ ನಡಿಗೆ ನೋಡಬೇಕು: ಕೈ ಎರಡೂ ಬದಿಗೆ ಅಗಲಿಸಿ, ನಡ ತುಸು ಹೊರಳಿಸಿ, ಕಾಲನ್ನು ಮೇಲಕ್ಕೆ ಕಿತ್ತು ಮೆಲ್ಲಗೆ ಇಡುತ್ತಾನೆ. ನಡುವೆ ಒಂದು ಕಾಲಿನ ಮುದ್ದೆ ಕಳಚಿತೆಂದರೆ ಎಡ ಎತ್ತರ, ಬಲ ತಗ್ಗು. ಒಡ್ಡಿನ ಕಲ್ಲಿಗೆ ತಿಕ್ಕಿ, ಕುಡಗೋಲಿನ ತುದಿಯಿಂದ ಕೆರೆದು, ಮತ್ತೆ ಹತ್ತು ಹೆಜ್ಜೆ, ಮತ್ತೆ ನಾಲ್ಕು ಬೆರಳು.

ಎರಿ ಹಿಂಬಡದ ಲಕ್ಷಣಗಳು ಮೂರು: ಸ್ವಯಂಭೂ, ನಿಶ್ಶುಲ್ಕ, ವರ್ಧಮಾನ. ಪೇಟೆಯ ಹಿಂಬಡ ಕೊಂಡಷ್ಟೇ ಎತ್ತರ ಇರುತ್ತದೆ. ಇದು ನಡೆದಂತೆಲ್ಲ ಬೆಳೆಯುತ್ತದೆ. ಇಂಥದ್ದರ ಮೇಲೆ, ತಲೆಯ ಮೇಲೆ ಹೊಟ್ಟಿನ ಗಂಟು ಹೊತ್ತು, ಬಾಯಲ್ಲಿ ಬೀಡಿ ಇಟ್ಟುಕೊಂಡು ಮೈಲಿ ನಡೆದು ಬರುವವರ ಊರಿನಲ್ಲಿ ಕೂತು ಗಂಡಸು ಬೀಳುತ್ತಾನೆ ಎನ್ನುವುದು ಪ್ರತ್ಯಕ್ಷಪ್ರಮಾಣಕ್ಕೆ ವಿರೋಧ.

ಮೂರನೆಯದೇ ಗಟ್ಟಿ ಆಕ್ಷೇಪ. ಮಂದಿ ಏನಂದಾರು? ಮಂದಿ ಅನ್ನುವುದು ಜಾಗದ ಮೇಲೆ ಹೋಗುತ್ತದೆ. ಕೊಲ್ಹಾಪುರಿ ಮೆಟ್ಟಿಗೆ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕ ಎಂಟು ಜಿಲ್ಲೆಗಳಲ್ಲಿ ನಾಲ್ಕು ನಮ್ಮವು, ಧಾರವಾಡವೂ ಅದರಲ್ಲಿದೆ. ಇಲ್ಲಿ ಹೊಸ್ತಿಲ ಹೊರಗೆ ಬಿಡಬೇಕಾದ ಅದೇ ಮಾದರಿಯ ಮೆಟ್ಟು 2025ರ ಜೂನಿನಲ್ಲಿ ಮಿಲಾನಿನಲ್ಲಿ ಪ್ರಾಡಾ ಕಂಪನಿಯ ಗಂಡಸರ ಉಡುಪಿನ ಪ್ರದರ್ಶನದಲ್ಲಿ ವೇದಿಕೆ ಏರಿತು. ಎದ್ದ ಗದ್ದಲವೆಲ್ಲ ನಮ್ಮ ಹೆಸರು ಹೇಳಲಿಲ್ಲ ಎಂಬುದಕ್ಕೆ.

ಇನ್ನು ದೊಡ್ಡಾಟ. ಮೀಸೆ ಬೋಳಿಸಿ, ಸೀರೆ ಉಟ್ಟು, ಬಳೆ ತೊಟ್ಟು ಸ್ತ್ರೀಪಾರ್ಟು ಮಾಡಿದವನಿಗೆ ಊರು ಶಿಳ್ಳೆ ಹೊಡೆದು ಆಹೇರಿ ಮಾಡಿದೆ. ಆಟಕ್ಕೆಂದು ಉಟ್ಟರೆ ಕಲೆ, ಮಳೆಗೆಂದು ಹತ್ತಿದರೆ ಕರ್ಮ, ಎರಡಕ್ಕೂ ನಗುವಿಲ್ಲ. ತನಗೆ ಚಂದ ಕಂಡಿತೆಂದು ಹಾಕಿಕೊಂಡವನಿಗೆ ಮಾತ್ರ ನಗು. ಹಾಗಾದರೆ ಊರಿನ ತಕರಾರು ಹಿಂಬಡದ ಮೇಲಲ್ಲ, ಖುಷಿಯ ಮೇಲೆ.

ದೃಷ್ಟಾಂತ

ನನ್ನ ಗೆಳೆಯನೊಬ್ಬ ಒಕ್ಕಲುತನದವ. ಅವನ ಜೊತೆ ಹುಬ್ಬಳ್ಳಿಯ ದುರ್ಗದಬೈಲಿನ ಒಂದು ಅಂಗಡಿಗೆ ಹೋಗಿದ್ದೆ.

"ಹಿಂಬಡ ಎತ್ತರ ಇದ್ದದ್ದು ತೋರಸ್ರಿ."

"ಯಾರಿಗ್ರೀ?"

"ಮನ್ಯಾಗಿನಾಕಿಗೆ."

"ಅಳತಿ?"

"ಒಂಬತ್ತು."

ಅಂಗಡಿಯವ ಗೆಳೆಯನ ಪಾದ ನೋಡಿದ, ಮುಖ ನೋಡಿದ. "ಅಕ್ಕಾರ ಕಾಲು ಗಟ್ಟಿ ಅದಾವ ಬಿಡ್ರಿ" ಎಂದು ಒಳಗೆ ಹೋಗಿ ಮೂರು ಪೆಟ್ಟಿಗೆ ತಂದಿಟ್ಟ. "ನೀವ ಹಾಕ್ಕೊಂಡ ನೋಡ್ರಿ, ಅಳತಿ ತಿಳೀತದ."

ಗೆಳೆಯ ಆರಿಸಿದ್ದು ಕುಂಕುಮ ಬಣ್ಣದ್ದು, ಮೂರು ಬೆರಳು ಹಿಂಬಡ. ಎದ್ದು ನಿಂತ. ಕೈ ತುಸು ಅಗಲಿಸಿ, ಕಾಲು ಮೇಲಕ್ಕೆ ಕಿತ್ತು ಮೆಲ್ಲಗೆ ಇಡುತ್ತ ಕನ್ನಡಿಯವರೆಗೆ ಹೋಗಿ ಬಂದ. ಎಲ್ಲೂ ತಡವರಿಸಲಿಲ್ಲ.

"ಭಾಳ ರೂಢಿ ಐತಲ್ಲರೀ?" ಅಂಗಡಿಯವ ಬೆರಗಾದ.

"ನಮ್ದು ಶಲವಡಿರೀ."

ಸಂಜೆ ಬಸ್ಸಿಳಿದಾಗ ಮಳೆ ಬಂದು ನಿಂತಿತ್ತು. ಪೆಟ್ಟಿಗೆಯನ್ನು ಟವಲಿನಲ್ಲಿ ಸುತ್ತಿ ಬಗಲಲ್ಲಿಟ್ಟುಕೊಂಡು ಮನೆಯ ದಾರಿ ಹಿಡಿದ. ಕಾಲಿಗೆ ಹತ್ತಿದ್ದು ಊರ ಹಿಂಬಡ, ಅದನ್ನು ಎಲ್ಲರೂ ಕಂಡರು, ಯಾರೂ ನಗಲಿಲ್ಲ. ಬಗಲಲ್ಲಿದ್ದದ್ದು ಅವನದು, ಅದನ್ನು ಯಾರಿಗೂ ಕಾಣಿಸಲಿಲ್ಲ.

ನಿರ್ಣಯ

ಗಂಡಸು ಎತ್ತರದ ಹಿಂಬಡ ಮೆಟ್ಟಬಹುದು, ಮೆಟ್ಟಿ ಖುಷಿಪಡಬಹುದು, ಚೌಕಾಸಿ ಮಾಡಿ ಕೊಳ್ಳಲೇಬೇಕು. ದೊರೆಗೆ ಮಾಫಿಯಾದ ಅರಿಸಮಾಸ ಒಕ್ಕಲಿಗನಿಗೂ ಮಾಫಿ. ನಗು ಬಂದವರು ನಗಲು ಅಡ್ಡಿಯಿಲ್ಲ. ಆದರೆ ಮಳೆಗಾಲದಲ್ಲಿ ನಗುವವರು ಮೊದಲು ತಮ್ಮ ಮೆಟ್ಟಿನ ಎರಿ ಕೆರೆದುಕೊಂಡು, ನೆಲಕ್ಕೆ ಇಳಿದು, ಆಮೇಲೆ ನಗಬೇಕು.